ಅವಸರದಲ್ಲಿ ಇಳಿದ ರಾಣಿ: ಬ್ರಿಜ್ ಮೇಜು ಕಲಿಸುವ ಪಾಠ



ಇಸ್ಪೀಟು ಎಂದೊಡನೆ ನಮ್ಮ ಹಿರಿಯರ ಹುಬ್ಬು ಗಂಟಿಕ್ಕುತ್ತಿತ್ತು. ಮನೆ ಹಾಳುಮಾಡುವ ಚಟವೆಂದೇ ಅದಕ್ಕೆ ಹೆಸರು. ಪಣವಿಲ್ಲದೆ ಆಡುವ ಬ್ರಿಜ್‌ಗೆ ಈ ಅಪವಾದ ಸಲ್ಲದು. 1967ರಲ್ಲಿ ಭಾರತದ ಸುಪ್ರೀಂ ಕೋರ್ಟು ರಮ್ಮಿಯು ಪ್ರಧಾನವಾಗಿ ಕೌಶಲದ ಆಟವೆಂದು ಹೇಳಿದಾಗ, ಅದರಲ್ಲಿನ ಅದೃಷ್ಟದ ಪಾಲನ್ನು ಬ್ರಿಜ್‌ನೊಡನೆಯೇ ಹೋಲಿಸಿತ್ತು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ 60 ವರ್ಷದ ಪ್ರಣಬ್ ಬರ್ಧನ್ ಮತ್ತು 56 ವರ್ಷದ ಶಿಬ್ನಾಥ್ ಸರ್ಕಾರ್ ಇದೇ ಆಟದಲ್ಲಿ ಭಾರತಕ್ಕೆ ಚಿನ್ನ ತಂದರು. ಆದರೂ ಈ ಆಟದ ದೊಡ್ಡ ಕೊಡುಗೆ ಪದಕವಲ್ಲ, ತಪ್ಪನ್ನು ಪರೀಕ್ಷಿಸುವ ಒಂದು ಶಿಸ್ತು ಎಂಬುದು ನಮ್ಮ ಅಭಿಪ್ರಾಯ.

ಒಂದು ಮಾದರಿ ಹಂಚಿಕೆಯನ್ನು ನೋಡೋಣ. 13 ಟ್ರಿಕ್‌ಗಳಲ್ಲಿ 12 ಗೆಲ್ಲುತ್ತೇವೆಂದು ಒಪ್ಪಿಕೊಂಡರೆ ಅದು ಸ್ಮಾಲ್ ಸ್ಲ್ಯಾಮ್. ತುರುಫು ಸ್ಪೇಡ್. ಆಟ ನಡೆಸುವ ಡಿಕ್ಲೇರರ್ ಕೈಯಲ್ಲಿ ಎಕ್ಕ, ರಾಜ, 10, 6, 4. ಮೇಜಿನ ಮೇಲೆ ಬಿಚ್ಚಿಟ್ಟ ಜೊತೆಗಾರನ ಎಲೆಗಳಲ್ಲಿ, ಅಂದರೆ ಡಮ್ಮಿಯಲ್ಲಿ, ರಾಣಿ, 9, 5, 3. ಎದುರಾಳಿಗಳ ಬಳಿ ಉಳಿದಿರುವುದು ಗುಲಾಮ, 8, 7, 2. ಡೈಮಂಡ್ ಎಕ್ಕ ಈಗಾಗಲೇ ಒಂದು ಟ್ರಿಕ್ ಕೊಂಡೊಯ್ದಿದೆ. ಇತರ ಎಲೆಗಳೆಲ್ಲ ಭದ್ರವಾಗಿವೆ. ತುರುಫಿನಲ್ಲಿ ಒಂದನ್ನೂ ಕಳೆದುಕೊಳ್ಳುವಂತಿಲ್ಲ.

ಡಿಕ್ಲೇರರ್ ಯೋಚಿಸದೆ ಚಿಕ್ಕ ಸ್ಪೇಡ್ ಒಂದನ್ನು ಡಮ್ಮಿಯ ರಾಣಿಗೆ ಆಡುತ್ತಾನೆ. ಬಲಗಡೆಯವನಲ್ಲಿ ಸ್ಪೇಡ್ ಒಂದೂ ಇಲ್ಲ! ನಾಲ್ಕೂ ಎಡಗಡೆಯವನ ಕೈಯಲ್ಲಿವೆ. ಅವನ ಗುಲಾಮನನ್ನು ಇನ್ನು ಹಿಡಿಯಲು ಸಾಧ್ಯವಿಲ್ಲ. ಸ್ಲ್ಯಾಮ್ ಒಂದು ಟ್ರಿಕ್‌ನಿಂದ ಬಿತ್ತು. ಮೊದಲು ಎಕ್ಕವನ್ನು ಆಡಿದ್ದರೆ ಕೈಯಲ್ಲಿ ರಾಜ ಮತ್ತು 10, ಡಮ್ಮಿಯಲ್ಲಿ ರಾಣಿ ಮತ್ತು 9 ಉಳಿಯುತ್ತಿದ್ದವು. ನಾಲ್ಕೂ ಎಲೆಗಳು ಯಾರ ಬಳಿ ಇದ್ದರೂ ಆ ಬದಿಯ ಗುಲಾಮನನ್ನು ಬಲೆಗೆ ಕೆಡವಬಹುದಿತ್ತು. ಇದಕ್ಕೆ ಯಾವ ಹೆಚ್ಚಿನ ಬೆಲೆಯನ್ನೂ ತೆರಬೇಕಾಗಿರಲಿಲ್ಲ. ಗೆದ್ದಿದ್ದರೆ 980 ಅಂಕ ಬರುತ್ತಿದ್ದ ಕಡೆ 50 ಅಂಕದ ನಷ್ಟ.

'ಹಂಚಿಕೆಯೇ ಕೆಟ್ಟದಾಗಿತ್ತು' ಎಂಬ ಸಮಾಧಾನ ಇಲ್ಲಿ ತಕ್ಷಣ ಸಿಗುತ್ತದೆ. ಲೆಕ್ಕವೂ ಹಾಗೆಯೇ ಕಾಣುತ್ತದೆ. ನಾಲ್ಕು ಎಲೆಗಳು ಒಂದೇ ಕೈಗೆ ಬೀಳುವ ಸಂಭವ ಶೇ. 9.6, ಅದೂ ಎಡಗಡೆಗೇ ಬೀಳುವುದು ಅದರ ಅರ್ಧ. ಅಂದರೆ ಈ ತಪ್ಪು ಸುಮಾರು 21 ಸಲಕ್ಕೆ ಒಮ್ಮೆ ಮಾತ್ರ ಶಿಕ್ಷೆ ಪಡೆಯುತ್ತದೆ. ಉಳಿದ 20 ಸಲ ಅದೇ ತಪ್ಪು ಆಟಗಾರ ಗೆದ್ದು ನಗುತ್ತಾ ಏಳುತ್ತಾನೆ. ಅಪಾಯವಿರುವುದು ಆ 20 ಗೆಲುವುಗಳಲ್ಲಿ. ತಪ್ಪು ಅಭ್ಯಾಸವಾಗಿ ಬೇರೂರುವುದು ಅಲ್ಲಿ.

ಇದಕ್ಕೆ ವಿರುದ್ಧವಾದ ಪ್ರಸಂಗವೂ ಚರಿತ್ರೆಯಲ್ಲಿದೆ. 1975ರ ಬರ್ಮುಡಾ ಬೌಲ್ ಅಂತಿಮ ಪಂದ್ಯದ ಕೊನೆಯ ಘಟ್ಟದಲ್ಲಿ ಇಟಲಿಯ ಬೆಲ್ಲಡೊನ್ನ ಮತ್ತು ಗರೊಝೊ ಜೋಡಿ ತುರುಫಿನ ರಾಜನೇ ಇಲ್ಲದೆ 13 ಟ್ರಿಕ್‌ಗಳ ಗ್ರ್ಯಾಂಡ್ ಸ್ಲ್ಯಾಮ್ ಹೇಳಿತು. ಆ ರಾಜ ಎದುರಾಳಿ ಎಡಿ ಕ್ಯಾಂಟರ್ ಕೈಯಲ್ಲಿ, ಜೊತೆಗೆ 10 ಮಾತ್ರ ಇರುವಂತೆ ಕುಳಿತಿತ್ತು. ಸ್ಲ್ಯಾಮ್ ಗೆದ್ದಿತು, ಇಟಲಿ ಕಪ್ ಹೊತ್ತೊಯ್ದಿತು. ಆಟಗಾರರು ಇಂದಿಗೂ ಅದನ್ನು ನೆನೆಯುತ್ತಾರೆ, ಆದರೆ ಅನುಕರಣೀಯವೆಂದು ಯಾರೂ ಬೋಧಿಸುವುದಿಲ್ಲ. ಫಲ ಬೇರೆ, ನಿರ್ಧಾರ ಬೇರೆ.

ನಮ್ಮ ಬದುಕಿನಲ್ಲಿ ಈ ಭೇದವನ್ನು ನಾವು ಎಷ್ಟು ಸಲ ಮರೆಯುತ್ತೇವೆ! ಚಳಿಗಾಲದ ಮುಂಜಾನೆ ಮಂಜು ಕವಿದಾಗ ಅಬುಧಾಬಿಯ ಹೆದ್ದಾರಿಗಳಲ್ಲಿ ವೇಗಮಿತಿಯನ್ನು 80 ಕಿ.ಮೀ.ಗೆ ಇಳಿಸುತ್ತಾರೆ. ಅದನ್ನು ಮೀರಿ ಓಡಿಸಿ ದುಬೈ ತಲುಪಿದವನು 'ಏನೂ ಆಗಲಿಲ್ಲವಲ್ಲ' ಎನ್ನುತ್ತಾನೆ. ಎದೆ ಹಿಂಡಿದಾಗ ಆಸಿಡಿಟಿಯ ಮಾತ್ರೆ ನುಂಗಿ ಮಲಗಿ, ಬೆಳಿಗ್ಗೆ ಎದ್ದವನೂ ಅದನ್ನೇ ಹೇಳುತ್ತಾನೆ. ಇವರು ಆ 20 ಸಲ ಗೆದ್ದ ಡಿಕ್ಲೇರರ್‌ಗಳು. 21ನೆಯ ಸಲಕ್ಕೆ ಬ್ರಿಜ್‌ನಲ್ಲಿ 50 ಅಂಕ ಹೋಗುತ್ತದೆ. ಇಲ್ಲಿ ಜೀವವೇ ಹೋಗಬಹುದು.

ವೈದ್ಯವೃತ್ತಿ ಇದನ್ನು ಬಹಳ ಕಷ್ಟಪಟ್ಟು ಕಲಿಯಿತು. ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಶಸ್ತ್ರಚಿಕಿತ್ಸಾ ಪಟ್ಟಿಯನ್ನು ದೆಹಲಿ, ಅಮ್ಮಾನ್ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಪರೀಕ್ಷಿಸಿದ ವರದಿ 2009ರಲ್ಲಿ ಪ್ರಕಟವಾಯಿತು. ಪಟ್ಟಿ ಬಳಸಿದ ಮೇಲೆ ಮರಣದ ಪ್ರಮಾಣ ಶೇ. 1.5ರಿಂದ 0.8ಕ್ಕೆ, ತೊಡಕುಗಳು ಶೇ. 11ರಿಂದ 7ಕ್ಕೆ ಇಳಿದಿದ್ದವು. ಚಾಕು ಹಿಡಿಯುವ ಮೊದಲು ಒಂದು ಕ್ಷಣ ನಿಂತು, ತಿಳಿದದ್ದನ್ನೇ ಮತ್ತೆ ಕೇಳಿಕೊಳ್ಳುವುದು ಆ ಪಟ್ಟಿಯ ತಿರುಳು. ಡಮ್ಮಿ ಮೇಜಿಗಿಳಿದೊಡನೆ ಮೊದಲ ಎಲೆ ಆಡದೆ ಎಣಿಸಿ ನೋಡು ಎಂಬ ಬ್ರಿಜ್ ಗುರುಗಳ ಉಪದೇಶವೂ ಇದೇ.

ಡ್ಯೂಪ್ಲಿಕೇಟ್ ಬ್ರಿಜ್‌ನಲ್ಲಿ ಇನ್ನೊಂದು ಸೊಗಸಿದೆ. ಅದೇ ಎಲೆಗಳನ್ನು ಬೇರೆ ಮೇಜುಗಳವರೂ ಆಡುತ್ತಾರೆ. ಆದ್ದರಿಂದ ಹಣೆಬರಹವನ್ನು ದೂರುವಂತಿಲ್ಲ. ಆಟ ಮುಗಿದ ಮೇಲೆ ಜೊತೆಗಾರರು ಕುಳಿತು 'ಆಗ ನಿಮಗೆ ಏನು ತಿಳಿದಿತ್ತು? ಬೇರೆ ದಾರಿ ಇತ್ತೇ?' ಎಂದು ಕೇಳುತ್ತಾರೆ. ಅಲ್ಲಿ ಗದರಿಕೆಗೆ ಎಡೆಯಿಲ್ಲ. ನಮ್ಮ ಮನೆಗಳಲ್ಲಿ ಪರೀಕ್ಷೆಯ ಫಲಿತಾಂಶದ ದಿನ ಮಕ್ಕಳನ್ನು ನಾವು ಹೀಗೆ ಕೇಳುತ್ತೇವೆಯೇ? ಅಂಕ ಬಂದರೆ ಹೊಗಳಿಕೆ, ಬಾರದಿದ್ದರೆ ಬೈಗುಳ. ಅದೃಷ್ಟದಿಂದ ಬಂದ ಅಂಕಕ್ಕೂ ಸಿಹಿ, ಶ್ರಮಪಟ್ಟು ತಪ್ಪಿದ ಅಂಕಕ್ಕೂ ಶಿಕ್ಷೆ. ಇದರಿಂದ ಮಗು ಕಲಿಯುವುದು ತಪ್ಪನ್ನು ಮುಚ್ಚಿಡುವ ವಿದ್ಯೆಯನ್ನು ಮಾತ್ರ.

ಆದ್ದರಿಂದ ಒಂದು ಸಲಹೆ. ತಿಂಗಳಿಗೊಂದು ಶನಿವಾರ ನಮ್ಮ ಸಂಘದಲ್ಲಿ ಹಣದ ಸೋಂಕಿಲ್ಲದ ಬ್ರಿಜ್ ಪಾಠ ನಡೆಯಲಿ. ಅಜ್ಜ-ಅಜ್ಜಿಯರು ಊರಿನಿಂದ ಬಂದಿದ್ದರೆ ಅವರೂ ಬರಲಿ, ಹೈಸ್ಕೂಲಿನ ಮಕ್ಕಳೂ ಬರಲಿ. ಎರಡು ಗಂಟೆ ಆಟವಾದರೆ ಅರ್ಧ ಗಂಟೆ ಪರಾಮರ್ಶೆಗೆ ಮೀಸಲಿರಲಿ. ಅಲ್ಲಿ ಹೆಸರು ಹಿಡಿದು ದೂರದೆ, ಆಡಿದ ಎಲೆಯ ಬಗ್ಗೆ ಮಾತ್ರ ಮಾತನಾಡೋಣ. ಒಪ್ಪಿಗೆಯಿರುವ ಕುಟುಂಬಗಳು ಸಮಿತಿಗೆ ತಿಳಿಸಿದರೆ ನಾಲ್ಕು ಮೇಜುಗಳಿಂದಲೇ ಆರಂಭಿಸಬಹುದು.