ಶಾಂತಲೆಯನ್ನು ಬೆಟ್ಟದಿಂದ ಕೆಡವಿದವರು ಯಾರು?

ನಮ್ಮ ಹೆಬ್ಬೂರಿಗೆ ಮೂಡಲಲ್ಲಿ ಶಿವಗಂಗೆ. ಲೆಕ್ಕಕ್ಕೆ ಅದು ನೆಲಮಂಗಲದ ಕಡೆಯದು. ಆದರೂ ತುಮಕೂರು ಸೀಮೆಯವರು ಅದನ್ನು ನಮ್ಮದೆಂದೇ ತಿಳಿದಿದ್ದೇವೆ. ಮೂಡಲಿಂದ ನೋಡಿದವರಿಗೆ ಬಸವ, ಪಡುವಲಿಂದ ನೋಡಿದವರಿಗೆ ಗಣಪ ಕಾಣುತ್ತದೆಂದು ವಾಡಿಕೆ. ನಮ್ಮ ಪಾಲಿಗೆ ಬಂದವನು ಗಣಪ.

ಕಳೆದ ಮಾಗಿಯ ಒಂದು ಭಾನುವಾರ ಎಂಟು ಮಂದಿ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಈ ಬೆಟ್ಟವನ್ನು ಹತ್ತಿದೆ. ರಾಗಿ ಕಣಕ್ಕೆ ಬಂದಿದ್ದ ಕಾಲ. ಹೊಲದ ಬದುಗಳ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಒಳಕಲ್ಲು ತೀರ್ಥದಲ್ಲಿ ಹುಡುಗರೆಲ್ಲರೂ ಕುಳಿಗೆ ಕೈಹಾಕಿದರು. ನೀರು ಕೈಗೆ ಎಟುಕಿದವನು ಪುಣ್ಯವಂತನಂತೆ. ಎಟುಕದ ಇಬ್ಬರು ಮುಂದಿನ ಮೆಟ್ಟಿಲುಗಳನ್ನು ಮಾತಿಲ್ಲದೆ ಹತ್ತಿದರು. ಅಲ್ಲಿಂದ ಮೇಲಕ್ಕೆ ಬಂಡೆಯಲ್ಲೇ ಕಡಿದ ಪಾವಟಿಗೆಗಳು, ಪಕ್ಕದಲ್ಲಿ ಕಬ್ಬಿಣದ ಸರಳು. ನಲವತ್ತೈದು ದಾಟಿದ ನನ್ನ ಮಂಡಿಗಳು ಏನೆಂದವು ಎಂಬುದು ಇಲ್ಲಿ ಬೇಡ.

ನೆತ್ತಿ ಸಮೀಪಿಸುತ್ತಿದ್ದಂತೆ ಒಬ್ಬ ಹುಡುಗ ಫೋನು ನೋಡಿಕೊಂಡು, "ಸಾರ್, ಶಾಂತಲಾ ಡ್ರಾಪ್ ಇಲ್ಲೇ ಇದೆ" ಎಂದ. ಮಿಕ್ಕವರು ಓಡಿದರು. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಮಕ್ಕಳಿಲ್ಲದ ಕೊರಗಿನಿಂದ, ಸವತಿಗೆ ದಾರಿ ಬಿಡಲೆಂದು, ಈ ಕೊಡುಗಲ್ಲಿನಿಂದ ಕೆಳಕ್ಕೆ ಹಾರಿದಳೆಂಬುದು ಕಥೆ. ಪ್ರವಾಸದ ಬರಹಗಳಲ್ಲಿ, ಫೋನಿನ ನಕ್ಷೆಗಳಲ್ಲಿ ಈಗ ಇದೇ ಆ ಜಾಗದ ಹೆಸರು. ಡ್ರಾಪ್! ಬಸ್ಸಿನಿಂದ ಇಳಿಸುವುದಕ್ಕೂ, ಕಣ್ಣಿಗೆ ಹಾಕುವ ಹನಿ ಔಷಧಿಗೂ ನಾವು ಬಳಸುವ ಮಾತನ್ನು ಕನ್ನಡನಾಡಿನ ಒಬ್ಬ ರಾಣಿಯ ಸಾವಿಗೆ ಅಂಟಿಸಿದ್ದೇವೆ.

ನನ್ನ ತಕರಾರು ಇಂಗ್ಲಿಷ್ ಶಬ್ದದ ಮೇಲೆ ಮಾತ್ರವೆಂದು ಓದುಗರು ತಿಳಿಯಬಾರದು. 'ಶಾಂತಲಾ ಪತನ' ಎಂದಿದ್ದರೂ ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡಳೆಂಬುದು ನಮಗೆ ತಿಳಿದಿರುವುದು ಶ್ರವಣಬೆಳಗೊಳದ ಶಾಸನದಿಂದ. ಕಾಲ 1131ರ ಚೈತ್ರ. ಬಿ. ಎಲ್. ರೈಸ್ ಆ ಊರಿನ ಶಾಸನಗಳನ್ನು 1889ರಲ್ಲಿಯೇ ಅಚ್ಚು ಹಾಕಿಸಿದರು, ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿ ಹೊರತಂದರು. ಅಂದರೆ ನೂರು ವರ್ಷದಿಂದ ಯಾವ ಒಳ್ಳೆಯ ಪುಸ್ತಕಭಂಡಾರದಲ್ಲಾದರೂ ಸಿಗುವ ಸಂಗತಿ ಇದು. ಆ ಶಾಸನದಲ್ಲಿ ಕೊಡುಗಲ್ಲಿಲ್ಲ, ಹಾರಿದ ಮಾತಿಲ್ಲ. ಇರುವುದು 'ಮುಡಿಪು' ಎಂಬ ಕ್ರಿಯಾಪದ. ಮುಗಿಸುವುದು, ಬಾಳನ್ನು ಪೂರೈಸುವುದು ಎಂದು ಅದರ ಅರ್ಥ. ವ್ರತ ಹಿಡಿದು ದೇಹ ಬಿಟ್ಟ ಜೈನರ ಶಾಸನಗಳಲ್ಲಿ ಮತ್ತೆಮತ್ತೆ ಬರುವ ಮಾತು. ಮಗಳ ಅಗಲಿಕೆಯನ್ನು ತಾಳದ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಒಂದು ತಿಂಗಳು ಉಪವಾಸವಿದ್ದು ಸತ್ತಳೆಂಬುದನ್ನೂ ಅದೇ ಶಾಸನ ಹೇಳುತ್ತದೆ. ಆ ಮನೆಯವರಿಗೆ ಸಾಯುವ ಕ್ರಮ ತಿಳಿದಿತ್ತು.

ಇನ್ನು ಸವತಿಯ ವಿಚಾರ. 1123ರಲ್ಲಿ ಶಾಂತಲೆ ಬೆಳಗೊಳದಲ್ಲಿ ಬಸದಿಯೊಂದನ್ನು ಕಟ್ಟಿಸಿದಳು. ಅದರ ಹೆಸರು ಸವತಿಗಂಧವಾರಣ ಬಸದಿ. ಅದು ಅವಳ ಬಿರುದೇ. ಸವತಿಯರ ಪಾಲಿಗೆ ಮದ್ದಾನೆ ಎಂದರ್ಥ! ಇಂಥ ಬಿರುದನ್ನು ಕಲ್ಲಿನಲ್ಲಿ ಕೆತ್ತಿಸಿಕೊಂಡ ಹೆಂಗಸು ಎಂಟು ವರ್ಷದಲ್ಲಿ ಸವತಿಗಾಗಿ ಪ್ರಪಾತಕ್ಕೆ ಬಿದ್ದಳೆಂದು ನಂಬಬೇಕಾದರೆ ಕಣ್ಣೀರು ಕಥೆಗಳ ಮೇಲೆ ಬಹಳ ಮೋಹವಿರಬೇಕು. ಕಾದಂಬರಿಕಾರರಿಗೆ ಆ ಸ್ವಾತಂತ್ರ್ಯವಿದೆ, ಒಪ್ಪುತ್ತೇನೆ. ಕೆ. ವಿ. ಅಯ್ಯರ್ ಅವರ 'ಶಾಂತಲಾ'ವನ್ನು ನಿದ್ದೆಗೆಟ್ಟು ಓದಿದವರಲ್ಲಿ ನಾನೂ ಒಬ್ಬ. ಆದರೆ ನಕ್ಷೆ ಕಾದಂಬರಿಯಲ್ಲ.

ಇಷ್ಟನ್ನೂ ನೆತ್ತಿಯ ಗಾಳಿಯಲ್ಲಿ ಗಂಟಲು ಹರಿಯುವಂತೆ ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ತರಗತಿಯಲ್ಲಿ ಎಂದೂ ಬಾಯಿ ತೆರೆಯದವಳು, ಕೇಳಿದಳು: "ಹಾರಲಿಲ್ಲ ಅಂತ ಶಾಸನದಲ್ಲಿ ಇದೆಯಾ ಸಾರ್?"

ಇಲ್ಲ. ಹೇಗೆ ಸತ್ತಳೆಂಬ ವಿವರವನ್ನು ಶಾಸನ ಕೊಡುವುದಿಲ್ಲ. ಸಲ್ಲೇಖನವೆಂದು ಹೇಳುವ ವಿದ್ವಾಂಸರಿದ್ದಾರೆ, ಅದು ಊಹೆಯೇ. ಒಪ್ಪಿಕೊಂಡೆ. ಒಪ್ಪಿಕೊಂಡರೆ ನನ್ನ ವಾದ ಸೋಲುವುದಿಲ್ಲ ಎಂದೂ ಹೇಳಿದೆ. ಗೊತ್ತಿಲ್ಲದ ಕಡೆ ಸುಮ್ಮನಿರುವುದು ಬೇರೆ, ಗೊತ್ತಿಲ್ಲದ್ದಕ್ಕೆ ಹೆಸರಿಟ್ಟು ಅದರ ಅಂಚಿನಲ್ಲಿ ಹಲ್ಲು ಕಿರಿದು ಚಿತ್ರ ತೆಗೆಸಿಕೊಳ್ಳುವುದು ಬೇರೆ. ಅವಳು ಪೂರ್ತಿ ಒಪ್ಪಿದಂತೆ ಕಾಣಲಿಲ್ಲ.

ಇಳಿಯುವಾಗ ಸೌತೆಕಾಯಿ ಮಾರುವ ಅಜ್ಜಿಯೊಬ್ಬರ ಬಳಿ ಕುಳಿತೆವು. "ರಾಣಿ ಬಿದ್ದದ್ದು ನಿಜವೇನಮ್ಮ?" ಎಂದೆ. "ನಾನೇನು ನೋಡಿದ್ನಾ ಸೋಮಿ? ಬೆಂಗ್ಳೂರ್ ಹುಡುಗ್ರು ಡ್ರಾಪು ಎಲ್ಲಿ ಅಂತಾರೆ, ನಾನು ಕೈ ತೋರಿಸ್ತೀನಿ" ಎಂದು ಕಾಯಿ ಸೀಳಿ ಉಪ್ಪುಖಾರ ಸವರಿದರು.

ಬೆಂಗಳೂರಿನ ಓದುಗರಲ್ಲಿ ನನ್ನ ಕೋರಿಕೆ ಇಷ್ಟೆ. ರಜೆ ಬಂತೆಂದರೆ ಕಾರು ಹತ್ತಿ ಇಲ್ಲಿಗೆ ಬರುವವರು ನೀವು. ಅಜ್ಜಿಯನ್ನು ಡ್ರಾಪು ಎಲ್ಲಿ ಎಂದು ಕೇಳುವವರು ನಿಮ್ಮ ಮಕ್ಕಳು. ಆ ಹೆಸರನ್ನು ಬರೆಯಬೇಡಿ, ಚಿತ್ರದ ಕೆಳಗೆ ಹಾಕಬೇಡಿ. ಹಾಗೂ ಒಂದು ಫಲಕ ಬೇಕೆಂದರೆ ಅವಳ ಹೆಸರು, 1131, ಬೆಳಗೊಳದ ಶಾಸನದ ಉಲ್ಲೇಖ, ಇವಿಷ್ಟು ಸಾಕು. ಹೀಗೆಂದು ಸಂಬಂಧಪಟ್ಟ ಕಚೇರಿಯೊಂದಕ್ಕೆ ಜನವರಿಯಲ್ಲಿ ಬರೆದೆ. ವಿಷಯ ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದು ಉತ್ತರ ಬಂತು. ಯಾರ ವ್ಯಾಪ್ತಿಗೆ ಬರುತ್ತದೆಂದು ಕೇಳಿ ಮತ್ತೊಂದು ಕಾಗದ ಹಾಕಿದ್ದೇನೆ.