ತಟ್ಟೆಯೊಳಗಿನ ದನಿ

ಹಳೆಯ ಅರಗಿನ ತಟ್ಟೆಗಳನ್ನು ಹುಡುಕಿ ಕೂಡಿಡುವವರು ನನ್ನ ಶಿಷ್ಯರಲ್ಲಿಯೂ ಕೆಲವರಿದ್ದಾರೆ. ಅವರೊಡನೆ ನನ್ನದೊಂದು ತಕರಾರು: ಕಪಾಟಿನಲ್ಲಿ ಬೀಗ ಹಾಕಿಟ್ಟ ಹಾಡು ಹಾಡೇ ಅಲ್ಲ.

ನಮ್ಮ ಹಲಸಂಗಿಯ ಗೆಳೆಯರಾದ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪನವರು ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಅಚ್ಚು ಹಾಕಿಸಿದರು. ಮಾತು ಉಳಿಯಿತು, ಹಾಡಿದವರ ದನಿ ಉಳಿಯಲಿಲ್ಲ. ಆಗ ನಮ್ಮ ಜಿಲ್ಲೆಯಲ್ಲಿಯೇ ಇದ್ದ ಬೀಳಗಿಯ ಅಮೀರಬಾಯಿ ಕರ್ನಾಟಕಿಯವರ ಭಾಗ್ಯ ಬೇರೆ. 1943ರ ‘ಕಿಸ್ಮತ್’ ಚಿತ್ರಕ್ಕೆ ಹಾಡಿದ ಅವರು 1965ರಲ್ಲಿ ತೀರಿಕೊಂಡರು. ತಟ್ಟೆಗಿಳಿದ ದನಿ ಇಂದಿಗೂ ಇದೆ.

ಅವರದೊಂದು ತಟ್ಟೆ ನನ್ನಲ್ಲಿತ್ತು. ಒಮ್ಮೆ ಕೇಳಿಸೆಂದು ಅಕ್ಕ ಎಷ್ಟೋ ಸಲ ಅಂದಿದ್ದಳು. ಉಕ್ಕಿನ ಮುಳ್ಳು ಗೆರೆಯನ್ನು ಸವೆಸುತ್ತದೆಂದು (ಅದು ನಿಜವೇ) ನಾನು ತಡೆದೆ. ಮನೆ ಬದಲಿಸುವಾಗ ತಟ್ಟೆ ಕೈಜಾರಿ ಎರಡು ಹೋಳಾಯಿತು. ಅಕ್ಕನೂ ಈಗಿಲ್ಲ.

ಆದುದರಿಂದ ಹೇಳುತ್ತೇನೆ: ತಟ್ಟೆ ಕೊಂಡ ದಿನವೇ ಅದನ್ನು ಗಣಕಯಂತ್ರಕ್ಕೆ ಇಳಿಸಿಕೊಳ್ಳಿರಿ. ಯಾರ ಮನೆಯಿಂದ ಬಂದಿತೆಂದು ಬರೆದಿಡಿರಿ, ಆ ಮನೆಯವರಿಗೂ ಒಂದು ಪ್ರತಿ ಕಳಿಸಿರಿ. ಒಂದು ಮಗ್ಗುಲಿಗೆ ಬೇಕಾಗುವುದು ಮೂರು ನಿಮಿಷ, ಅಷ್ಟೇ.