ಮಕ್ಕಳ ಸುಪರ್ದಿಯ ವ್ಯಾಜ್ಯವೂ ಮನಃಪರೀಕ್ಷೆಯೂ



ಕೆಲವು ತಿಂಗಳುಗಳ ಹಿಂದೆ ತಿಂಥಣಿಯ ನಮ್ಮ ಚಿಕಿತ್ಸಾಲಯಕ್ಕೆ ಹಿರಿಯರೊಬ್ಬರು ಏಳು ವರ್ಷದ ಮೊಮ್ಮಗನನ್ನು ಕರೆತಂದರು. ಹುಡುಗನಿಗೆ ಆಗಾಗ ಹೊಟ್ಟೆನೋವು, ಭೇದಿ. ರಾತ್ರಿ ಹಾಸಿಗೆಯಲ್ಲಿಯೇ ಮೂತ್ರ. ಪರೀಕ್ಷಿಸಿದಾಗ ಜ್ವರವಾಗಲಿ ಜಂತುಬಾಧೆಯಾಗಲಿ ಕಾಣಲಿಲ್ಲ. ವಿಚಾರಿಸಲಾಗಿ, ತಂದೆತಾಯಿಯರು ಬೇರೆಯಾಗಿರುವರೆಂದೂ ಬಾಲಕನು ಯಾರಲ್ಲಿ ಇರಬೇಕೆಂಬ ವ್ಯಾಜ್ಯವು ನ್ಯಾಯಾಲಯದಲ್ಲಿದೆಯೆಂದೂ ತಿಳಿಯಿತು. ವಿಚಾರಣೆಯ ದಿನ ಸಮೀಪಿಸಿದಂತೆ ನೋವು ಹೆಚ್ಚುತ್ತಿತ್ತು. ಔಷಧಿ ಪಡೆದ ಬಳಿಕ ಹಿರಿಯರು ದನಿ ತಗ್ಗಿಸಿ, “ಡಾಕ್ಟರ್ ಸಾಹೇಬ್ರ, ನಮ್ಮ ಸೊಸಿ ತಲಿ ಸರಿ ಇಲ್ಲಂತ ಒಂದು ಸರ್ಟಿಫಿಕೇಟ್ ಬರದು ಕೊಡ್ರಿ, ಕೋರ್ಟಿನ್ಯಾಗ ಕೊಡ್ತೀವಿ” ಎಂದರು. ಆ ತಾಯಿಯನ್ನು ನಾವು ಕಂಡೇ ಇರಲಿಲ್ಲ. ಕೊಡಲಾಗದೆಂದೆವು. ಅವರು ಮುನಿಸಿಕೊಂಡು ಹೊರಟರು.

ಭಯ ಮತ್ತು ಶೋಕಗಳು ಹೊಟ್ಟೆಯನ್ನು ಕೆಡಿಸುವುದು ಹೊಸ ಸಂಗತಿಯಲ್ಲ. ಚರಕಾಚಾರ್ಯರು ಹೇಳಿದ ಆರು ಬಗೆಯ ಅತಿಸಾರಗಳಲ್ಲಿ ಒಂದು ಭಯದಿಂದ, ಇನ್ನೊಂದು ಶೋಕದಿಂದ ಬರುವಂಥದು. ಬಾಯಿಬಿಟ್ಟು ಹೇಳಲರಿಯದ ಮಗುವಿನ ಅಳಲು ದೇಹದಲ್ಲಿ ತೋರುತ್ತದೆ. ಆ ಅಳಲನ್ನು ಅರಿಯುವುದಕ್ಕೆಂದೇ ಮನಃಪರೀಕ್ಷೆ ಇರುವುದು. ಅದನ್ನು ಎದುರಾಳಿಯ ಮೇಲೆ ಎಸೆಯುವ ಕಲ್ಲಾಗಿ ಮಾಡಿಕೊಳ್ಳುವುದು ಅನ್ಯಾಯವೆಂಬುದೇ ನಮ್ಮ ಅಭಿಪ್ರಾಯ.

ಈ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಅಧಿನಿಯಮವು ವೀರಶೈವ, ಲಿಂಗಾಯತ ಎಂದು ಹೆಸರಿಸಿಯೇ ನಮ್ಮ ಸಮಾಜಕ್ಕೂ ಅನ್ವಯಿಸುತ್ತದೆ. ಅದರ 13ನೇ ಕಲಮಿನಂತೆ ಮಗುವಿನ ಹಿತವೇ ಸರ್ವಪ್ರಧಾನ. ಐದು ವರ್ಷ ತುಂಬದ ಮಗುವು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದು. 1890ರ ಪಾಲಕರು ಮತ್ತು ಪಾಲಿತರ ಅಧಿನಿಯಮವು, ಮಗುವಿಗೆ ವಿವೇಚಿಸುವ ವಯಸ್ಸಾಗಿದ್ದರೆ ಅದರ ಇಷ್ಟವನ್ನೂ ನ್ಯಾಯಾಲಯ ಗಮನಿಸಬಹುದೆನ್ನುತ್ತದೆ. ವೈದ್ಯಕೀಯ ತಜ್ಞರ ಹಾಗೂ ಕುಟುಂಬ ಕಲ್ಯಾಣದಲ್ಲಿ ತೊಡಗಿದವರ ನೆರವು ಪಡೆಯಲು 1984ರ ಕೌಟುಂಬಿಕ ನ್ಯಾಯಾಲಯಗಳ ಅಧಿನಿಯಮದ 12ನೇ ಕಲಮು ಅವಕಾಶ ನೀಡಿದೆ.

ಸರಿಯಾದ ಪರೀಕ್ಷೆ ಒಂದೇ ಭೇಟಿಯಲ್ಲಿ ಮುಗಿಯುವಂಥದಲ್ಲ. ತಜ್ಞರು ತಂದೆಯನ್ನೂ ತಾಯಿಯನ್ನೂ ಬೇರೆಬೇರೆಯಾಗಿ ಕಾಣಬೇಕು. ಮಗುವು ಪ್ರತಿಯೊಬ್ಬರೊಡನೆ ಹೇಗೆ ಬೆರೆಯುವುದೆಂದು ನೋಡಬೇಕು. ಎಳೆಯ ಮಕ್ಕಳಾದರೆ ಆಟದಿಂದಲೂ ಚಿತ್ರ ಬರೆಸಿಯೂ ಮನಸ್ಸನ್ನು ತಿಳಿಯಬೇಕು. ಶಾಲೆಯ ಗುರುಗಳಿಂದಲೂ ಕೇಳಿ ತಿಳಿಯಬೇಕು. ಒಂದು ಪಕ್ಷದವರನ್ನಷ್ಟೇ ಕಂಡು ಕಾಣದವರ ಬಗ್ಗೆ ಬರೆದ ಕಾಗದಕ್ಕೆ ವರದಿಯೆಂಬ ಹೆಸರು ಸಲ್ಲದು. ನಮ್ಮಂಥ ಸಾಮಾನ್ಯ ವೈದ್ಯರು ಹೊಟ್ಟೆನೋವಿಗೆ ಚಿಕಿತ್ಸೆ ಮಾಡಿ ತಜ್ಞರ ಬಳಿಗೆ ಕಳುಹಿಸಬಹುದು. ಅದಕ್ಕಿಂತ ಮುಂದೆ ಹೋಗುವ ಅಧಿಕಾರ ನಮಗಿಲ್ಲ.

ಮಗುವಿನ ಮನಸ್ಥಿತಿಗೆ ನ್ಯಾಯಾಲಯವು ಎಷ್ಟು ತೂಕ ಕೊಡಬಲ್ಲದೆಂಬುದಕ್ಕೆ ಕೇರಳದ ಪ್ರಕರಣವೊಂದು ನಿದರ್ಶನ. ಬಾಲಕನೊಬ್ಬನನ್ನು ತಂದೆಗೆ ಒಪ್ಪಿಸುವ ಆದೇಶವನ್ನು ಸರ್ವೋಚ್ಚ ನ್ಯಾಯಾಲಯವು 2024ರಲ್ಲಿ ಎತ್ತಿಹಿಡಿದಿತ್ತು. ಆ ಬಳಿಕ ಬಾಲಕನು ಆತಂಕದಿಂದ ಬಳಲಿದನು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಮನಶ್ಶಾಸ್ತ್ರಜ್ಞರ ವರದಿಗಳನ್ನು ಗಮನಿಸಿ, 2025ರ ಜುಲೈನಲ್ಲಿ ಅದೇ ನ್ಯಾಯಾಲಯವು ತನ್ನ ತೀರ್ಪನ್ನು ಬದಲಿಸಿ ಅವನನ್ನು ತಾಯಿಯ ಬಳಿಯೇ ಉಳಿಸಿತು. ತಂದೆಗೆ ಭೇಟಿಯ ಅವಕಾಶವನ್ನೂ ಇರಿಸಿತು.

ಆದರೆ ಮನಃಪರೀಕ್ಷೆಯು ರಕ್ತಪರೀಕ್ಷೆಯಂತಲ್ಲ. ತಂದೆ ಅಥವಾ ತಾಯಿ ಮಗುವಿನ ಮನಸ್ಸನ್ನು ಕೆಡಿಸಿದರೆಂಬ ಆರೋಪಕ್ಕೆ ರೋಗದ ಹೆಸರಿಡುವ ರೂಢಿ ಬಂದಿದೆ; ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಅಂಥ ರೋಗವಿಲ್ಲ. ಖಿನ್ನತೆಗೆ ಮಾತ್ರೆ ಸೇವಿಸಿದ ಮಾತ್ರಕ್ಕೆ ತಾಯಿಯೊಬ್ಬಳು ಮಗುವನ್ನು ಸಾಕಲು ಅನರ್ಹಳಾಗುವುದಿಲ್ಲ. ಮಾನಸಿಕ ಕಾಯಿಲೆಯಿದೆಯೆಂದ ಮಾತ್ರಕ್ಕೆ ಒಬ್ಬರನ್ನು ಬುದ್ಧಿಭ್ರಮಿತರೆಂದು ತಿಳಿಯಲಾಗದೆಂದು 2017ರ ಮಾನಸಿಕ ಆರೋಗ್ಯ ಪಾಲನಾ ಅಧಿನಿಯಮವೇ ಹೇಳುತ್ತದೆ.

ಜಿಲ್ಲೆಗೊಂದು ಮಾನಸಿಕ ಆರೋಗ್ಯ ಸೇವೆಯೆಂಬ ಕಲ್ಪನೆಯನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ನಮ್ಮ ನೆರೆಯ ಬಳ್ಳಾರಿಯಲ್ಲಿಯೇ ನಡೆಸಿ ತೋರಿಸಿತು. ಮಕ್ಕಳ ಮನಸ್ಸನ್ನು ಬಲ್ಲ ತಜ್ಞರ ನೆರವು ಪ್ರತಿ ಜಿಲ್ಲಾ ನ್ಯಾಯಾಲಯಕ್ಕೂ ದೊರೆಯುವಂತೆ ಸರಕಾರವು ಏರ್ಪಾಡು ಮಾಡಬೇಕು. ಸುರಪುರ, ಶಹಾಪುರಗಳ ಕೂಲಿಕಾರನು ಮಗುವನ್ನು ಕರೆದುಕೊಂಡು ಬೆಂಗಳೂರಿಗೆ ಎಷ್ಟು ಸಲ ಹೋದಾನು?

ವ್ಯಾಜ್ಯದಲ್ಲಿರುವ ಕುಟುಂಬಗಳಿಗೆ ನಮ್ಮ ವಿನಂತಿ ಇಷ್ಟು. ಪರೀಕ್ಷೆ ಬೇಕೆನಿಸಿದರೆ ವಕೀಲರ ಮೂಲಕ ನ್ಯಾಯಾಲಯವನ್ನೇ ಕೇಳಿರಿ. ಮಗುವಿಗೆ ಮಾತು ಕಲಿಸಿ ಕಳುಹಿಸಬೇಡಿರಿ. ಕಟ್ಟೆಯ ಮೇಲೆ ಹಿರಿಯರ ನಡುವೆ ನಿಲ್ಲಿಸಿ “ಅವ್ವ ಬೇಕೋ, ಅಪ್ಪ ಬೇಕೋ” ಎಂದು ಕೇಳಬೇಡಿರಿ. ಮಗುವಿನಲ್ಲಿ ಭಯ, ನಿದ್ರಾಭಂಗ, ಮಂಕುತನ ಕಂಡರೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ತೋರಿಸಿರಿ, ಇಲ್ಲವೇ ಟೆಲಿ ಮಾನಸ್‌ನ ಉಚಿತ ದೂರವಾಣಿ 14416ಕ್ಕೆ ಕರೆ ಮಾಡಿರಿ.

ಅಂದು ಹೊರಟ ಹಿರಿಯರಿಗೆ ಬಾಗಿಲಲ್ಲಿಯೇ ಒಂದು ಮಾತು ಹೇಳಿದ್ದೆವು: ಹುಡುಗನ ಎದುರು ಅವನ ತಾಯಿಯನ್ನು ಬೈಯಬೇಡಿರಿ, ಕೋರ್ಟಿನ ಮಾತು ಎತ್ತಬೇಡಿರಿ. ಅವರು ಅದನ್ನು ನಡೆಸಿದರೋ ಇಲ್ಲವೋ ನಾವರಿಯೆವು. ಬಾಲಕನನ್ನು ಮತ್ತೆ ಕರೆತರಲಿಲ್ಲ. ಈ ಮಾತುಗಳನ್ನು ಅವರು ಓದಿದರೆ, ಸರ್ಟಿಫಿಕೇಟಿಗಲ್ಲದೆ ಮಗುವಿನ ಹೊಟ್ಟೆನೋವಿಗಾಗಿ ಮತ್ತೊಮ್ಮೆ ಬರಲಿ ಎಂದು ಆಶಿಸುತ್ತೇವೆ.